ಸಣ್ಣ ದೆವ್ವ, ದಪ್ಪ ದೆವ್ವ

ದೆವ್ವಕ್ಕೆ ಒಂದೇ ಹೊತ್ತಿಗೆ ಎರಡು ಊರಲ್ಲಿ ಕಾಣಿಸಿಕೊಳ್ಳುವ ಶಕ್ತಿ ಇದ್ದೀತು. ದೆವ್ವದ ಸಿನಿಮಾಕ್ಕೆ ಆ ಶಕ್ತಿ ಇರಲಿಲ್ಲ. ಬೆಟ್ಟಸ್ವಾಮಿಯ ಕಷ್ಟ ಶುರುವಾದದ್ದೇ ಅಲ್ಲಿಂದ.

‘ಮತ್ತೆ ನೆತ್ತರ ಬಂಗಲೆ’ ಎಂಬ ಚಿತ್ರದ ಒಂದೇ ಒಂದು ಪ್ರಿಂಟು ಆ ಸೀಮೆಗೆ ಬಂದಿತ್ತು. ತಿಪಟೂರಿನ ಟಾಕೀಸಿನವರು ಅದನ್ನು ಮಧ್ಯಾಹ್ನದ ಆಟಕ್ಕೆ ಮಾತ್ರ ಹಾಕಿಕೊಂಡಿದ್ದರು. ಸಂಜೆಗೆ ಅದೇ ಪ್ರಿಂಟು ತುರುವೇಕೆರೆ ದಾಟಿ ಹುಣಸೇಕಟ್ಟೆಯ ಟೆಂಟಿಗೆ ಬರಬೇಕು. ತಿಪಟೂರಿನಲ್ಲಿ ಇಂಟರ್ವಲ್ ಆಗುತ್ತಿದ್ದಂತೆ ಮೊದಲರ್ಧದ ರೀಲುಗಳು ಬಸ್ಸಿನ ಕಂಡಕ್ಟರ್ ಜೊತೆ ಮುಂದೆ ಹೋಗಬೇಕು. ಆಟ ಮುಗಿದ ಮೇಲೆ ಉಳಿದರ್ಧದ ಪೆಟ್ಟಿಗೆಯನ್ನು ಬೆಟ್ಟಸ್ವಾಮಿ ಹೊತ್ತು ತರಬೇಕು. ಟೆಂಟಿನಲ್ಲಿ ಇಂಟರ್ವಲ್ ಮುಗಿಯುವುದರೊಳಗೆ ಅವನು ಬಂದು ಮುಟ್ಟಿದರೆ ಎಲ್ಲ ಸುಸೂತ್ರ. ಮುಟ್ಟದಿದ್ದರೆ ಏನಾಗುತ್ತದೆ ಅನ್ನುವುದೂ ಅವನಿಗೆ ಗೊತ್ತಿತ್ತು. ಹೋದ ತಿಂಗಳು ಒಂದು ಭಕ್ತಿ ಚಿತ್ರದ ಕೊನೆಯ ಭಾಗ ತಡವಾಗಿ, ದೇವರು ಪ್ರತ್ಯಕ್ಷನಾಗುವ ತನಕ ಕಾಯಲಾರದ ಭಕ್ತರು ಟೆಂಟಿನ ಬಟ್ಟೆಯನ್ನೇ ಹರಿದು ಹಾಕಿದ್ದರು.

ಆ ಚಿತ್ರದ ಮೊದಲ ದಿನ ಬೆಳಿಗ್ಗೆ ಹೊರಡುವಾಗ ಟೆಂಟಿನ ಯಜಮಾನರಾದ ಕರಿಬಸವಯ್ಯನವರು ಅವನನ್ನು ತಡೆದು ನಿಲ್ಲಿಸಿದರು. ಕೊಬ್ಬರಿ ವ್ಯಾಪಾರ ಬಿಟ್ಟು ಸಿನಿಮಾಕ್ಕೆ ಕೈ ಹಾಕಿದ ಮೇಲೆ ಅವರಿಗೆ ನಗುವುದೇ ಮರೆತುಹೋಗಿತ್ತು.

“ಲೇ ಬೆಟ್ಟಸ್ವಾಮಿ, ಇವತ್ತು ಅಮಲ್ದಾರ್ರು ಸಂಸಾರ ಸಮೇತ ಸಿನಿಮಾಕ್ಕೆ ಬತ್ತಾವ್ರೆ ಕಣ್ಲಾ. ಟೆಂಟಿನ ಲೈಸೆನ್ಸು ಮುಗೀತಾ ಬಂತು. ಅವ್ರು ಖುಷಿಯಾಗಿ ಎದ್ದೋದ್ರೆ ಸೈನು ಬೀಳ್ತದೆ. ಮುನಿಸ್ಕೊಂಡು ಎದ್ದೋದ್ರೆ ನಾನು ಟೆಂಟು ಬಿಚ್ಚಿ, ಅದೇ ಬಟ್ಟೆ ಹಾಸ್ಕೊಂಡು ಮತ್ತೆ ಕೊಬ್ಬರಿ ಒಣಗಾಕ್ತೀನಿ. ನೀನು ಏನ್ ಮಾಡ್ತೀಯೋ ನಂಗೊತ್ತಿಲ್ಲ.”

“ಇಂಟ್ರುವಲ್ಲಿಗೆ ಮುಂಚೆ ಪೆಟ್ಟಿಗೆ ಇಲ್ಲಿರ್ತದೆ ಯಜಮಾನ್ರೇ.”

“ಹೋದ್ಸಲಾನೂ ಇದನ್ನೇ ಅಂದಿದ್ದೆ,” ಅಂದರು ಕರಿಬಸವಯ್ಯನವರು.

ಬೆಟ್ಟಸ್ವಾಮಿ ಟೆಂಟಿನಲ್ಲಿ ಟಿಕೆಟ್ ಹರಿಯುತ್ತಿದ್ದ, ಗೋಡೆಗಳಿಗೆ ಪೋಸ್ಟರ್ ಅಂಟಿಸುತ್ತಿದ್ದ, ಎತ್ತಿನಗಾಡಿಯಲ್ಲಿ ಮೈಕು ಹಿಡಿದು ಹಳ್ಳಿಹಳ್ಳಿಗೆ ಸಾರುತ್ತಿದ್ದ. ಇದು ಬಿಟ್ಟರೆ ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ತೆಂಗಿನಮರ ಹತ್ತೋಣವೆಂದರೆ ಅರ್ಧ ಹತ್ತುವಷ್ಟರಲ್ಲಿ ಕಣ್ಣು ಕತ್ತಲಿಡುತ್ತಿತ್ತು. ಆ ಸೀಮೆಯಲ್ಲಿ ಅಂಥವನಿಗೆ ಹೆಂಡತಿ ಭೈರಮ್ಮ ಸಿಕ್ಕಿದ್ದೇ ಹೆಚ್ಚು ಎಂದು ಅವಳ ಅಣ್ಣಂದಿರು ಇವತ್ತಿಗೂ ಹೇಳುತ್ತಿದ್ದರು.

ತಿಪಟೂರಿನ ಟಾಕೀಸಿನಲ್ಲಿ ಹೋದ ವಾರ ಇದೇ ಚಿತ್ರದ ಮೊದಲ ಭಾಗ ‘ನೆತ್ತರ ಬಂಗಲೆ’ ಚೆನ್ನಾಗಿ ಓಡಿತ್ತು. ಅದರಲ್ಲಿ ರಕ್ತ ಹೀರುವ ದೆವ್ವದ ಪಾತ್ರ ಮಾಡಿದವನು ಗರಡಿಯಾಳು. ಬಾಗಿಲಲ್ಲಿ ನಿಂತರೆ ಬಾಗಿಲೇ ಕಾಣುತ್ತಿರಲಿಲ್ಲ. ಬೆಟ್ಟಸ್ವಾಮಿ ಅದನ್ನು ನೋಡಿ ಎರಡು ದಿನ ಹಿತ್ತಲಿಗೆ ಒಬ್ಬನೇ ಹೋಗಿರಲಿಲ್ಲ. ಹುಣಸೇಕಟ್ಟೆಗೆ ಮಾತ್ರ ಆ ಭಾಗ ಬರಲೇ ಇಲ್ಲ. ಎರಡನೇ ಭಾಗದ ಹೊತ್ತಿಗೆ ನಿರ್ಮಾಪಕರ ಕೈ ಬರಿದಾಗಿತ್ತೋ ಏನೋ, ಗರಡಿಯಾಳಿನ ಜಾಗಕ್ಕೆ ಒಬ್ಬ ಸಣಕಲನನ್ನು ತಂದಿದ್ದರು. ಕರಿ ಕೋಟು ಅವನ ಹೆಗಲ ಮೇಲೆ ಒಣಗಹಾಕಿದ ಹಾಗಿತ್ತು.

ಮಧ್ಯಾಹ್ನದ ಆಟದಲ್ಲಿ ಬೆಟ್ಟಸ್ವಾಮಿ ಹಿಂದಿನ ಗೋಡೆಗೆ ಒರಗಿ ನಿಂತು ನೋಡುತ್ತಿದ್ದ. ಸಣಕಲ ದೆವ್ವ ಬಾಯಿ ತೆರೆದ ಕೂಡಲೇ ಮುಂದಿನ ಸಾಲಿನಿಂದ ಯಾರೋ ಕೂಗಿದ: “ಲೇ, ಅವು ಕೋರೆಹಲ್ಲಲ್ಲ ಕಣ್ಲಾ, ಕೊಬ್ಬರಿ ಚೂರು!”

“ಅದೂ ಒಳ್ಳೇ ಕೊಬ್ಬರಿ ಅಲ್ಲ, ಕೌಟು ಹಿಡಿದಿರೋದು,” ಎಂದ ಇನ್ನೊಬ್ಬ.

ಬಾವಲಿ ಹಾರಿಬಂತು. ಅದು ಹರಿದ ಛತ್ರಿಯ ಬಟ್ಟೆ ಅನ್ನುವುದು ಎಲ್ಲರಿಗೂ ತಿಳಿಯಿತು, ಕಟ್ಟಿದ ದಾರವೂ ಕಾಣುತ್ತಿತ್ತು. ನಾಯಕ ಬಂಗಲೆಯ ಬಾಗಿಲನ್ನು ಧಡಾರನೆ ಮುಚ್ಚಿದರೆ ಬಂಗಲೆಯ ಗೋಡೆ ಗಾಳಿಗೆ ಸೀರೆ ಅಲ್ಲಾಡಿದ ಹಾಗೆ ಅಲ್ಲಾಡಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ದೆವ್ವ ಸಾಯುತ್ತದೆ ಅಂದುಕೊಂಡರೆ, ಅದು ಸಾಯಲಿಲ್ಲ. ಬಂಗಲೆಯ ಮೇಲೆ ಹತ್ತಿ “ಮತ್ತೆ ಬರುತ್ತೇನೆ!” ಎಂದು ನಕ್ಕಿತು. ತೆರೆಯ ಮೇಲೆ ‘ಮೂರನೇ ಭಾಗ ನಿರೀಕ್ಷಿಸಿ’ ಎಂದು ಬಂತು.

ಅಲ್ಲಿಯವರೆಗೆ ನಗುತ್ತಿದ್ದ ಜನ ಆಗ ರೇಗಿಬಿಟ್ಟರು. ಕುರ್ಚಿಗಳು ಎದ್ದವು. “ಕಾಸು ವಾಪಸ್ ಕೊಡ್ರೋ!” ಎಂದು ಒಂದು ಗುಂಪು ಆಪರೇಟರ್ ಕೋಣೆಯ ಬಾಗಿಲು ಗುದ್ದತೊಡಗಿತು. ಪೆಟ್ಟಿಗೆ ಇರುವುದು ಒಳಗೆ. ಬೆಟ್ಟಸ್ವಾಮಿ ಹೊರಗೆ ಸುತ್ತಿಕೊಂಡು ಹಿಂದಿನ ಕಿಟಕಿಯ ಹತ್ತಿರ ಓಡಿದ.

“ಮರುಳಸಿದ್ದಯ್ಯ! ನಾನು ಕಣಪ್ಪ, ಹುಣಸೇಕಟ್ಟೆ ಬೆಟ್ಟಸ್ವಾಮಿ! ಪೆಟ್ಟಿಗೆ ಕೊಡು!”

ಆಪರೇಟರ್ ಮರುಳಸಿದ್ದಯ್ಯ ಜನಕ್ಕೆ ಹೆದರಿ ದೀಪ ಆರಿಸಿಕೊಂಡು, ಮೇಜಿನ ಕೆಳಗೆ ಮುದುರಿ ಕೂತಿದ್ದ. “ಕೂಗಬ್ಯಾಡ ಮಾರಾಯ, ನಾನು ಇಲ್ಲಿರೋದು ಗೊತ್ತಾಯ್ತದೆ,” ಎಂದು ಪಿಸುಗುಟ್ಟಿ, ಕತ್ತಲಲ್ಲೇ ತಡಕಾಡಿ ಒಂದು ಪೆಟ್ಟಿಗೆಯನ್ನು ಕಿಟಕಿಯಿಂದ ನೂಕಿದ. ಬೆಟ್ಟಸ್ವಾಮಿ ಅದನ್ನು ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ. ಓಡಿ ಮುಟ್ಟುವಷ್ಟರಲ್ಲಿ ಬಸ್ಸು ಹೊಗೆ ಬಿಟ್ಟುಕೊಂಡು ತಿರುವಿನಲ್ಲಿ ಮರೆಯಾಯಿತು.

ಇನ್ನೊಂದು ಬಸ್ಸು ಬರುವಷ್ಟರಲ್ಲಿ ಟೆಂಟಿನಲ್ಲಿ ಬಟ್ಟೆ ಇರುವುದಿಲ್ಲ. ಅವನು ರಸ್ತೆಗೆ ಅಡ್ಡ ನಿಂತು ಸಿಕ್ಕಿದ್ದಕ್ಕೆಲ್ಲ ಕೈ ಮಾಡಿದ. ಕೊನೆಗೆ ಅದೇ ದಾರಿಯಲ್ಲಿ ಅಮ್ಮಸಂದ್ರದ ಕಾರ್ಖಾನೆಗೆ ಹಿಂತಿರುಗುತ್ತಿದ್ದ ಸಿಮೆಂಟ್ ಲಾರಿಯೊಂದು ನಿಂತಿತು. ಡ್ರೈವರ್ ಕೆಂಪಯ್ಯ ತಲೆ ಹೊರಗೆ ಹಾಕಿ ಪೆಟ್ಟಿಗೆಯನ್ನು ನೋಡಿದ.

“ಸಿನಿಮಾ ರೀಲಾ? ಮುಂದ್ಗಡೆ ಜಾಗ ಇಲ್ಲ ಕಣಪ್ಪ. ಹಿಂದೆ ಹತ್ಕೋ. ಆದ್ರೆ ಈ ಕಿಂಡಿಯಿಂದ ನಂಗೆ ಕತೆ ಹೇಳ್ತಾ ಬರ್ಬೇಕು.”

ಬೆಟ್ಟಸ್ವಾಮಿ ಖಾಲಿ ಸಿಮೆಂಟ್ ಚೀಲಗಳ ಮೇಲೆ ಕೂತು, ಕಿಂಡಿಗೆ ಬಾಯಿಟ್ಟು ಕತೆ ಹೇಳಿದ. ಕತೆ ಸಪ್ಪೆಯಾದಾಗಲೆಲ್ಲ ಲಾರಿ ನಿಧಾನವಾಗುತ್ತಿತ್ತು. ಅದಕ್ಕೇ ಅವನು ಚಿತ್ರದಲ್ಲಿ ಇಲ್ಲದ ಎರಡು ಕೊಲೆ, ಒಂದು ಹುಲಿ ಸೇರಿಸಿದ. ಕೊನೆಗೆ ಕೆಂಪಯ್ಯ ಕೇಳಿದ: “ದೆವ್ವ ಸಾಯ್ತದೆ ತಾನೇ?”

ಬೆಟ್ಟಸ್ವಾಮಿ ಬಾಯಿ ತಪ್ಪಿ ನಿಜ ಹೇಳಿಬಿಟ್ಟ. “ಇಲ್ಲ, ಮತ್ತೆ ಬತ್ತೀನಿ ಅಂತದೆ.”

“ಥೂ!” ಎಂದು ಕೆಂಪಯ್ಯ ಬ್ರೇಕ್ ಒತ್ತಿದ ರಭಸಕ್ಕೋ, ರಸ್ತೆಯ ಕಲ್ಲಿಗೋ, ಹಿಂದಿನ ಟೈರು ಢಬ್ ಎಂದಿತು. ಸುತ್ತ ತೆಂಗಿನ ತೋಟ, ಮುಳುಗಿದ ಹೊತ್ತು. ಬೆಟ್ಟಸ್ವಾಮಿ ಜಾಕಿ ತಿರುಗಿಸಿದ, ಕಲ್ಲು ತಂದಿಟ್ಟ, ನಟ್ಟು ಕಳೆದಾಗ ನೆಲಕ್ಕೆ ಮುಖವಿಟ್ಟು ಹುಡುಕಿದ. ಅವನ ಕಿವಿಯಲ್ಲಿ ಮಾತ್ರ ಟೆಂಟಿನ ಬಟ್ಟೆ ಪರ್ ಎಂದು ಹರಿಯುವ ಶಬ್ದ ಕೇಳುತ್ತಲೇ ಇತ್ತು. ಲಾರಿ ಮತ್ತೆ ಹೊರಟಾಗ ಖಾಲಿ ಚೀಲಗಳ ಸಿಮೆಂಟೆಲ್ಲ ಎದ್ದು ಅವನ ಬೆವರಿಗೆ ಮೆತ್ತಿಕೊಂಡಿತು.

ಹುಣಸೇಕಟ್ಟೆಯ ಗಡಿಗೆ ಬರುವಷ್ಟರಲ್ಲೇ ಗದ್ದಲ ಕೇಳಿಸಿತು. ಇಂಟರ್ವಲ್ ಯಾವಾಗಲೋ ಆಗಿತ್ತು. ಕರಿಬಸವಯ್ಯನವರು ಹಲ್ಲುಪುಡಿಯ ಜಾಹೀರಾತನ್ನು ಮೂರು ಸಲ ತೋರಿಸಿದ್ದರು, ಹಳೇ ನ್ಯೂಸ್‌ರೀಲನ್ನು ಹಿಂದುಮುಂದಾಗಿ ಓಡಿಸಿದ್ದರು. ಕಡಲೇಕಾಯಿ, ಸೋಡ ಎಲ್ಲ ಖಾಲಿಯಾಗಿ, ಜನ ಕಾಲಲ್ಲಿ ನೆಲ ಕುಟ್ಟುತ್ತಿದ್ದರು. ಗೇಟಿನ ಬಳಿ ಜನ ಕಿಕ್ಕಿರಿದು ನಿಂತಿದ್ದು ಕಂಡು ಬೆಟ್ಟಸ್ವಾಮಿ ತೋಟದೊಳಗೆ ನುಗ್ಗಿ, ಹಿಂದಿನಿಂದ ಟೆಂಟಿನ ಬಟ್ಟೆ ಎತ್ತಿ, ತೆರೆಯ ಬುಡದಿಂದ ಒಳಕ್ಕೆ ಬಂದ.

ಮಂಕು ಬೆಳಕಿನಲ್ಲಿ ಅಡಿಯಿಂದ ಮುಡಿಯವರೆಗೆ ಬೂದುಬಣ್ಣದ ಆಕೃತಿ. ಎರಡು ಕೆಂಪು ಕಣ್ಣು. ಹೆಗಲ ಮೇಲೆ ಶವಪೆಟ್ಟಿಗೆಯಂಥದ್ದು. ಅದು ಬಾಯಿ ತೆರೆದು “ಬಂದೇ... ಬಂದೇ...” ಎಂದಿತು.

ಅಷ್ಟು ಹೊತ್ತಿನ ದೆವ್ವದ ಸಿನಿಮಾಕ್ಕೆ ಯಾರೂ ಹೆದರಿರಲಿಲ್ಲ. ಈಗ ಇಡೀ ಟೆಂಟು ಚೀರಿತು. ಹೆಂಗಸರ ಕಡೆ ಕೂತಿದ್ದ ಚಿಕ್ಕಗೌರಮ್ಮ ಕಾಲಿನ ಚಪ್ಪಲಿ ಕಿತ್ತು ಬೀಸಿದಳು. ಅಮಲ್ದಾರರು ಹೆಂಡತಿಯನ್ನು ಮರೆತು ಕುರ್ಚಿಯ ಮೇಲೆ ಹತ್ತಿ ನಿಂತರು. ಚಪ್ಪಲಿ ಬಡಿದು ಆ ಆಕೃತಿ “ಅಯ್ಯಯ್ಯೋ, ನಾನು ಕಣಮ್ಮೋ!” ಎಂದಾಗ ಮೊದಲು ಗುರುತು ಹಿಡಿದವನು ದುರ್ಗಯ್ಯ. ಹಗಲೆಲ್ಲ ಕಾಯಿ ಸುಲಿದು, ಸಂಜೆ ನೆಲದ ಟಿಕೆಟ್ಟಿನಲ್ಲಿ ಮೊದಲ ಸಾಲಿಗೆ ಬಂದು ಕೂತು, ಕಂಡದ್ದಕ್ಕೆಲ್ಲ ಅರ್ಥ ಹೇಳುವವನು ಅವನು.

“ಹೆದರ್ಬ್ಯಾಡಿ, ನಮ್ ಬೆಟ್ಸಾಮಿ! ರೀಲು ತಂದವ್ನೆ!”

ಟೆಂಟಿನ ಆಪರೇಟರ್ ಚಿಕ್ಕಹನುಮಯ್ಯ ಪೆಟ್ಟಿಗೆ ಕಿತ್ತುಕೊಂಡು, ನೋಡಲೂ ಪುರುಸೊತ್ತಿಲ್ಲದೆ ರೀಲು ಸಿಕ್ಕಿಸಿ ಯಂತ್ರ ತಿರುಗಿಸಿದ. ಬೆಟ್ಟಸ್ವಾಮಿ ಪಕ್ಕದಲ್ಲಿ ಕುಸಿದು ಕೂತು ಉಸಿರು ಬಿಟ್ಟ. ಗೆದ್ದೆ ಅಂದುಕೊಂಡು ತೆರೆಯ ಕಡೆ ನೋಡಿದ.

ತೆರೆಯ ಮೇಲೆ ಬಂಗಲೆಯ ಬಾಗಿಲು ತೆರೆಯಿತು. ಬಾಗಿಲ ತುಂಬ ನಿಂತವನು ಗರಡಿಯಾಳು.

“ಚಿಕ್ಕಹನುಮಯ್ಯ...” ಬೆಟ್ಟಸ್ವಾಮಿ ಎದ್ದು ನಿಂತ. “ಇದು ಮೊದಲ್ನೇ ಭಾಗದ್ದು ಕಣೋ, ಅದರ ಕೊನೇ ಅರ್ಧ. ಹೋದ ವಾರದ್ದು. ಮರುಳಸಿದ್ದಯ್ಯ ಕತ್ತಲಲ್ಲಿ ಬ್ಯಾರೆ ಪೆಟ್ಟಿಗೆ ಕೊಟ್ಬುಟ್ಟವ್ನೆ!”

ಚಿಕ್ಕಹನುಮಯ್ಯನ ಮುಖವೂ ಬೂದಿಯಾಯಿತು. “ನಿಲ್ಸೋಣ್ವಾ?”

“ಈಗ ನಿಲ್ಸಿದ್ರೆ ನಮ್ಮನ್ನೇ ಹರೀತಾರೆ.”

ಇಬ್ಬರೂ ಕಿಂಡಿಯಿಂದ ಜನರ ತಲೆಗಳನ್ನು ನೋಡುತ್ತ ಕೂತರು. ಇಂಟರ್ವಲ್ಲಿಗೆ ಮುಂಚೆ ಕೋಲಿನ ಹಾಗಿದ್ದ ದೆವ್ವ ಈಗ ಮೂರು ಪಟ್ಟಾಗಿ ನಿಂತಿದೆ. ಎಲ್ಲೋ ಒಬ್ಬ “ಏನ್ಲಾ ಇದು?” ಎಂದ. ಬೆಟ್ಟಸ್ವಾಮಿ ಕಣ್ಣು ಮುಚ್ಚಿಕೊಂಡ.

ಆಗ ಮೊದಲ ಸಾಲಿನಿಂದ ದುರ್ಗಯ್ಯನ ದನಿ ಗಟ್ಟಿಯಾಗಿ ಕೇಳಿತು: “ಕಾಣಾಕಿಲ್ವಾ? ಅಷ್ಟು ಜನದ ರಕ್ತ ಕುಡ್ದವ್ನೆ. ಮೈ ಬರ್ದೇ ಇರ್ತದಾ?”

“ಹೌದು ಕಣ್ಲಾ!” ಎಂದಿತು ನೆಲ. ಬೆಂಚೂ ತಲೆದೂಗಿತು.

ಆಮೇಲೆ ನಾಯಕ ಬಂದ. ಮೊದಲರ್ಧದಲ್ಲಿ ಅವನಿಗೆ ಮೀಸೆ ಇತ್ತು, ಈಗಿರಲಿಲ್ಲ. ಬೆಟ್ಟಸ್ವಾಮಿ ಚಿಕ್ಕಹನುಮಯ್ಯನ ಕೈ ಹಿಡಿದುಕೊಂಡ. ಚಿಕ್ಕಗೌರಮ್ಮ ಪಕ್ಕದವಳಿಗೆ ಹೇಳುವುದು ಕೇಳಿಸಿತು: “ಇಷ್ಟೊತ್ತು ಇಂಟ್ರುವಲ್ ಬುಟ್ರೆ ಮೀಸೆ ಏನೇ, ತಲೇನೂ ಬೋಳಿಸ್ಕೊಂಡು ಬರ್ಬೋದಾಗಿತ್ತು.” ನಾಯಕಿ ಬೇರೆಯಾದದ್ದಕ್ಕೂ ಅವಳಲ್ಲಿ ಉತ್ತರವಿತ್ತು. ಇವಳು ಅವಳ ಅಕ್ಕ.

ದಪ್ಪ ದೆವ್ವ ಗುಡುಗಿತು. ಜನ ನಿಜವಾಗಿ ಹೆದರಿದರು, ಒಬ್ಬರನ್ನೊಬ್ಬರು ಹಿಡಿದುಕೊಂಡರು. ಕೊನೆಯಲ್ಲಿ ಪೂಜಾರಿ ತ್ರಿಶೂಲ ಎಸೆದು, ದೆವ್ವ ಬೆಳಗಿನ ಬಿಸಿಲಿಗೆ ಸುಟ್ಟು ಬೂದಿಯಾದಾಗ ಶಿಳ್ಳೆ, ಚಪ್ಪಾಳೆ. ಹುಣಸೇಕಟ್ಟೆಯ ಟೆಂಟು ಅಂಥ ಸಂಭ್ರಮ ಕಂಡಿರಲಿಲ್ಲ.

ಅಮಲ್ದಾರರು ಕರಿಬಸವಯ್ಯನವರ ಬೆನ್ನು ತಟ್ಟಿದರು. “ಡೈರೆಕ್ಟರ್ ಬಹಳ ಬುದ್ಧಿವಂತ ಕಣ್ರೀ. ಬಡವರ ರಕ್ತ ಹೀರಿದವನು ಹೇಗೆ ಕೊಬ್ಬುತ್ತಾನೆ ಅಂತ ಕಣ್ಣಿಗೆ ಕಟ್ಟೋ ಹಾಗೆ ತೋರಿಸಿದ್ದಾನೆ. ಸಣ್ಣಗಿದ್ದವನು ದಪ್ಪ ಆಗ್ತಾನಲ್ಲ, ಅದೇ ಇದರ ತಿರುಳು. ಎಲ್ಲರಿಗೂ ಅರ್ಥವಾಗೋ ವಿಷಯ ಅಲ್ಲ ಬಿಡಿ. ನಾಳೆ ನಮ್ಮ ಎ.ಸಿ. ಸಾಹೇಬರನ್ನೇ ಕರ್ಕೊಂಡು ಬರ್ತೀನಿ. ಅವರ ಎದುರಿಗೇ ಲೈಸೆನ್ಸಿಗೆ ಸೈನ್ ಹಾಕ್ತೀನಿ.”

ಕರಿಬಸವಯ್ಯನವರು ಬಹಳ ದಿನದ ಮೇಲೆ ನಕ್ಕರು. ಅದನ್ನು ನೋಡಿದ ಬೆಟ್ಟಸ್ವಾಮಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಮನೆಗೆ ಹೋಗಿ ಮಲಗಿದರೆ ನಿದ್ದೆಯೂ ಬರಲಿಲ್ಲ. ಜನಕ್ಕೆ ತಿಳಿಯದಿದ್ದರೇನು, ಎ.ಸಿ. ಸಾಹೇಬರು ಓದಿದವರು, ಕಂಡುಹಿಡಿದೇ ಹಿಡಿಯುತ್ತಾರೆ. ನಾಳೆ ಎಡವಟ್ಟಾಗಬಾರದು. ಸರಿಯಾದ ರೀಲನ್ನು ಸರಿಯಾದ ಹೊತ್ತಿಗೆ ತಂದೇ ತೀರಬೇಕು.

ಮರುದಿನ ಬೆಳಗಾಗುತ್ತಿದ್ದಂತೆ ತಿಪಟೂರಿಗೆ ಹೋಗಿ ಮೊದಲರ್ಧದ ರೀಲುಗಳ ಜೊತೆ ತಪ್ಪು ಪೆಟ್ಟಿಗೆಯನ್ನೂ ಮರುಳಸಿದ್ದಯ್ಯನ ಕೈಗೆ ಕೊಟ್ಟ. ಮೊದಲ ಭಾಗದ ಪ್ರಿಂಟು ಅವತ್ತೇ ಬೆಂಗಳೂರಿಗೆ ವಾಪಸಾಗಬೇಕಿತ್ತು. ಬೆಟ್ಟಸ್ವಾಮಿ ತಾನೇ ಮುಂದೆ ನಿಂತು ಅದನ್ನು ಪಾರ್ಸಲ್‌ಗೆ ಹಾಕಿಸಿದ. ಆಟ ಮುಗಿದ ಮೇಲೆ ಎರಡನೇ ಭಾಗದ ಪೆಟ್ಟಿಗೆ ತೆಗೆಸಿ, ರೀಲನ್ನು ಬಿಸಿಲಿಗೆ ಹಿಡಿದು, ಸಣಕಲ ದೆವ್ವವನ್ನು ಕಣ್ಣಾರೆ ನೋಡಿ, ಬಸ್ಸು ಹಿಡಿದು, ಇಂಟರ್ವಲ್ಲಿಗೆ ಎಷ್ಟೋ ಮುಂಚೆ ಟೆಂಟಿಗೆ ಬಂದ. ಕರಿಬಸವಯ್ಯನವರು ಮೊದಲ ಸಲ ಅವನಿಗೆ ತಾವೇ ಕಾಫಿ ತರಿಸಿಕೊಟ್ಟರು.

ಟೆಂಟು ತುಂಬಿ ತುಳುಕುತ್ತಿತ್ತು. ನಿನ್ನೆ ನೋಡಿದವರೆಲ್ಲ ನೆಂಟರಿಷ್ಟರನ್ನು ಕಟ್ಟಿಕೊಂಡು ಬಂದಿದ್ದರು. ಮುಂದಿನ ಕುರ್ಚಿಯಲ್ಲಿ ಎ.ಸಿ. ಸಾಹೇಬರು. ಪಕ್ಕದಲ್ಲಿ ಅಮಲ್ದಾರರು ಬಗ್ಗಿ ಬಗ್ಗಿ ವಿವರಿಸುತ್ತಿದ್ದರು: “ಇಂಟರ್ವಲ್ ಆದಮೇಲೆ ನೋಡಿ ಸಾರ್, ಅದರಲ್ಲಿದೆ ಮಜಾ.”

ಇಂಟರ್ವಲ್ ಆಯಿತು. ಬಂಗಲೆಯ ಬಾಗಿಲು ತೆರೆಯಿತು. ಸಣಕಲ ಬಂದ.

“ಇನ್ನೂ ಆಗಿಲ್ಲ, ತಡೀರಿ,” ಎಂದು ದುರ್ಗಯ್ಯ ಸುತ್ತಲಿನವರಿಗೆ ಹೇಳಿದ.

ಸಣಕಲ ಒಬ್ಬ ಕಾವಲುಗಾರನ ಕತ್ತು ಕಚ್ಚಿದ. “ಈಗ ಆಯ್ತಾನೆ ನೋಡ್ರಿ!” ಎಂದಿತು ನೆಲ, ಉಸಿರು ಬಿಗಿಹಿಡಿದು. ಆಗಲಿಲ್ಲ. ಒಬ್ಬ ಅಡಿಗೆಯವನನ್ನು ಕಚ್ಚಿದ. ಅಡಿಗೆಯವನು ದಪ್ಪಗಿದ್ದ, ಎಲ್ಲರಿಗೂ ಭರವಸೆ ಬಂತು. ಆಗಲೂ ಇಲ್ಲ. ಅಮಲ್ದಾರರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಕಿಂಡಿಯ ಹಿಂದಿದ್ದ ಬೆಟ್ಟಸ್ವಾಮಿಗೆ ಈಗ ತಾನು ಮಾಡಿದ್ದೇನೆಂದು ಅರ್ಥವಾಗುತ್ತ ಬಂದಿತ್ತು.

ಸಣಕಲ ಬಂಗಲೆಯ ಮೇಲೆ ಹತ್ತಿ, ಕೊಬ್ಬರಿ ಚೂರು ತೋರಿಸಿ “ಮತ್ತೆ ಬರುತ್ತೇನೆ!” ಎಂದ. ದೀಪ ಹತ್ತಿತು.

“ಎಲ್ರೀ ದಪ್ಪ ಆದ?” ಎಂದು ಎ.ಸಿ. ಸಾಹೇಬರು ಆಕಳಿಸುತ್ತ ಕೇಳಿದರು.

ಅಷ್ಟೇ ಸಾಕಾಯಿತು. ದುರ್ಗಯ್ಯ ಎದ್ದು ನಿಂತು ಕೂಗಿದ: “ದಪ್ಪ ದೆವ್ವ ಎಲ್ರೋ? ನಿನ್ನೆ ತೋರ್ಸಿದ್ದು ಇವತ್ತು ಯಾಕ್ರೋ ಕತ್ರಿಸಿದ್ರಿ? ನಮ್ ಬೀಗ್ರು ಬ್ಯಾಡರಹಳ್ಳಿಯಿಂದ ನಡ್ಕೊಂಡು ಬಂದವ್ರೆ!” ಹೆಂಗಸರ ಕಡೆಯಿಂದ ಮತ್ತೆ ಚಪ್ಪಲಿ ಎದ್ದವು. ಟೆಂಟಿನ ಬಟ್ಟೆ ಒಂದು ಮೂಲೆಯಲ್ಲಿ ಪರ್ ಎಂದಿತು. ನಾಲ್ಕು ಜನ ಬೆಟ್ಟಸ್ವಾಮಿಯನ್ನು ಎಳೆದು ತಂದು ಅಮಲ್ದಾರರ ಮುಂದೆ ನಿಲ್ಲಿಸಿದರು.

“ನಿಜ ಹೇಳಿಬುಡ್ತೀನಿ ಸ್ವಾಮಿ,” ಬೆಟ್ಟಸ್ವಾಮಿ ಕೈಮುಗಿದ. “ನಿನ್ನೆ ತಂದಿದ್ದು ತಪ್ಪು ರೀಲು. ಅದು ಬ್ಯಾರೆ ಸಿನಿಮಾ. ಇವತ್ತಿಂದೇ ಸರಿ.”

ಅಮಲ್ದಾರರ ಮುಖ ಕೆಂಪಾಯಿತು. ಅವರು ಎ.ಸಿ. ಸಾಹೇಬರ ಕಡೆ ಒಮ್ಮೆ ನೋಡಿ, ಇವನ ಕಡೆ ತಿರುಗಿದರು. “ಅಂದ್ರೆ, ನಿನ್ನೆ ನಾನು ಎರಡು ಬೇರೆ ಬೇರೆ ಸಿನಿಮಾನ ಒಂದೇ ಅಂತ ತಿಳ್ಕೊಂಡು ನೋಡಿದೆ ಅಂತೀಯಾ? ನಾನು ತಿಳ್ಕೊಂಡ ಅರ್ಥ ಎಲ್ಲ ಸುಳ್ಳು ಅಂತೀಯಾ?”

ಹೌದೆಂದರೆ ಲೈಸೆನ್ಸು ಹೋಗುತ್ತದೆ. ಕರಿಬಸವಯ್ಯನವರು ಅಮಲ್ದಾರರ ಬೆನ್ನ ಹಿಂದೆ ನಿಂತು ಎರಡು ಕೈಯನ್ನೂ ಜೋರಾಗಿ ಆಡಿಸುತ್ತಿದ್ದರು.

“ಇಲ್ಲ ಸ್ವಾಮಿ, ತಾವು ತಿಳ್ಕೊಂಡಿದ್ದೇ ಸರಿ,” ಎಂದ ಬೆಟ್ಟಸ್ವಾಮಿ.

“ಹಾಗಾದ್ರೆ ರೀಲು ಕದ್ದಿದ್ದೀಯ,” ಎಂದರು ಅಮಲ್ದಾರರು, ಸಮಾಧಾನದಿಂದ. “ನೋಡಿದ್ರಾ ಸಾರ್? ದಪ್ಪ ಆಗೋ ಭಾಗಾನೇ ಎಗರಿಸಿದ್ದಾನೆ. ರೀ ಕಾನ್‌ಸ್ಟೇಬಲ್, ಇವನನ್ನ ಕರ್ಕೊಂಡು ಹೋಗಿ ವಿಚಾರಿಸಿ. ಲೈಸೆನ್ಸಿನ ಮಾತು ಆಮೇಲೆ.”

ಕಾನ್‌ಸ್ಟೇಬಲ್ ವೀರಭದ್ರಯ್ಯ ನಿನ್ನೆ ಬಿಟ್ಟಿ ಆಟ ನೋಡಿದವನು. ರಟ್ಟೆ ಹಿಡಿದು ರಸ್ತೆಗೆ ಕರೆತಂದ ಮೇಲೆ ದನಿ ತಗ್ಗಿಸಿದ. “ಹೆದರ್ಬ್ಯಾಡ ಕಣಪ್ಪ, ನಾನು ಹೊಡೆಯೋನಲ್ಲ. ನಮ್ಮನೆಯವ್ಳೂ ಆ ದಪ್ಪನೋನ್ನ ನೋಡ್ಬೇಕು ಅಂತಾವ್ಳೆ. ಎಲ್ಲಿಟ್ಟಿದ್ದೀಯ ಅಂತ ನಂಗೊಬ್ನಿಗೆ ಹೇಳು.”

ಗದ್ದಲ ಎದ್ದ ಮೇಲೆ ಮೊದಲ ಸಲ ಯಾರೋ ಮೆತ್ತಗೆ ಮಾತಾಡಿಸಿದ್ದರು. ಬೆಟ್ಟಸ್ವಾಮಿಯ ಕಣ್ಣಲ್ಲಿ ನೀರು ಬಂತು. ಇವನಾದರೂ ನಂಬಿಯಾನು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ಅದು ಇಲ್ಲಿಲ್ಲ ಕಣಣ್ಣ. ಬೆಳಿಗ್ಗೆ ನಾನೇ ನಿಂತ್ಕೊಂಡು ಪಾರ್ಸಲ್ ಮಾಡ್ಸಿ ಬೆಂಗಳೂರಿಗೆ ಕಳಿಸ್ಬುಟ್ಟೆ.”

ವೀರಭದ್ರಯ್ಯನ ಹಿಡಿತ ಬಿಗಿಯಾಯಿತು. ಅವನು ಟೆಂಟಿನ ಕಡೆ ತಿರುಗಿ, ಇಡೀ ಹುಣಸೇಕಟ್ಟೆಗೆ ಕೇಳುವ ಹಾಗೆ ಕೂಗಿದ:

“ಸಾರ್! ಕಳ್ಳ ಒಪ್ಕೊಂಡ ಸಾರ್! ಮಾಲು ಬೆಂಗಳೂರಿಗೆ ಸಾಗಿಸ್ಬುಟ್ಟವ್ನೆ!”